ಮಾತುಕೂಟ ಬಿಟ್ಟುಕೊಟ್ಟ ಅಕ್ಕ-ಭಾವನಿಗೆ

ಅಕ್ಕ, ಭಾವ, ಇಬ್ಬರಿಗೂ ನಮಸ್ಕಾರ.

ಎದುರಿಗೆ ಹೇಳಿದರೆ ಅಕ್ಕ ಅಳುತ್ತಾಳೆ, ಭಾವ ನಕ್ಕುಬಿಡುತ್ತಾರೆ. ಅದಕ್ಕೇ ಹೊಲಿಗೆ ಯಂತ್ರ ನಿಲ್ಲಿಸಿ ಈ ಕಾಗದ ಬರೆಯುತ್ತಿದ್ದೇನೆ.

ಒಬ್ಬರು ಮಾತಾಡಿ ಉಳಿದವರು ಕೇಳುವ ನಮ್ಮ ಗುರುವಾರದ ಮಾತುಕೂಟವನ್ನು ನೀವು ಹನ್ನೊಂದು ವರ್ಷ ನಡೆಸಿ, ಮೂರು ತಿಂಗಳ ಹಿಂದೆ ನಮಗೆ ಒಪ್ಪಿಸಿದಿರಿ. ಈಗ ನಡೆಸುವ ಸರದಿ ನನ್ನದು. ಆದರೂ ವಾರವಾರ ಬಂದು, "ನಾವು ಸುಮ್ನೆ ಕೂತಿರ್ತೀವಿ" ಅನ್ನುತ್ತೀರಿ. ನಿಮಗೆ ಸುಮ್ಮನೆ ಕೂರಲು ಬಂದಿದ್ದರೆ ನಾನು ಹೀಗೆ ತಲೆ ಚಚ್ಚಿಕೊಳ್ಳುತ್ತಿರಲಿಲ್ಲ.

ಹೋದ ವಾರಕ್ಕೆ ಮುಂಚಿನ ವಾರ ಬಸ್ ಡ್ರೈವರಣ್ಣ ಮೊದಲ ಸಲ ಬಾಯಿ ಬಿಟ್ಟರು. ಮಗಳು ತಮ್ಮ ಜೊತೆ ಮಾತು ಬಿಟ್ಟದ್ದನ್ನು ಹೇಳುತ್ತಾ ತಡವರಿಸಿದರು. ಅಷ್ಟರಲ್ಲಿ ಭಾವ, ನೀವು, "ಇವರಿಗೆ ಸಿಟ್ಟು ಮಗಳ ಮೇಲಲ್ಲ, ತಮ್ಮ ಮೇಲೇ" ಎಂದು ಅರ್ಥ ಬಿಡಿಸಿಬಿಟ್ಟಿರಿ. ಅಕ್ಕ, ನೀನೂ ತಲೆದೂಗಿದೆ. ಅವರು "ಹೌದು ಸಾರ್" ಅಂದು ಮಾತು ಮುಗಿಸಿಬಿಟ್ಟರು.

ಕೂಟ ಮುಗಿದು ಇಳಿಯುವಾಗ ಮೆಟ್ಟಿಲ ಮೇಲೆ ನನಗೆ ಹೇಳಿದರು: "ನಾನು ಹೇಳೋಕೆ ಹೊರಟಿದ್ದು ಅದಲ್ಲಮ್ಮ."

"ಮತ್ತೆ ಹೌದು ಅಂದಿದ್ದು ಯಾಕಣ್ಣ?"

"ಇಷ್ಟು ವರ್ಷದಿಂದ ಕೇಳ್ತಿರೋರು. ಅವರಿಗೇ ಚೆನ್ನಾಗಿ ಗೊತ್ತಿರುತ್ತೆ ಅನ್ಕೊಂಡೆ."

ಹೋದ ವಾರ ಅವರು ಬರಲಿಲ್ಲ. ಉಳಿದ ಹದಿನಾಲ್ಕು ಜನ ಸೇರಿ ತೀರ್ಮಾನಿಸಿದ್ದೇವೆ: ಎರಡು ತಿಂಗಳು ನೀವು ದಯವಿಟ್ಟು ಬರಬೇಡಿ. ಡ್ರೈವರಣ್ಣನ ಮನೆಗೆ ಹೋಗಿ ಸಮಾಧಾನ ಮಾಡುವುದೂ ಬೇಡ; ನಾನು ಹೋಗಿ ಬಂದಿದ್ದೇನೆ.

ಆಮೇಲೆ ಬಂದು ಎಲ್ಲರ ನಡುವೆ ಕೂರಿ. ಇಷ್ಟು ವರ್ಷದಲ್ಲಿ ನೀವಿಬ್ಬರೂ ನಿಮ್ಮ ಬಗ್ಗೆ ಒಂದು ಮಾತೂ ಆಡಿಲ್ಲ. ಸ್ವಂತ ತಂಗಿ ನಾನು, ನನಗೂ ಏನೂ ಗೊತ್ತಿಲ್ಲ. ನೀವು ಬಾಯಿ ಬಿಡುವವರೆಗೆ ಎಷ್ಟು ಹೊತ್ತಾದರೂ ಕಾಯುತ್ತೇವೆ.

ನಿಮ್ಮ ಮೇಲೆ ಸಿಟ್ಟಿರುವ,
ತಂಗಿ