ಅಣ್ಣನ ಪಾಲು

ಡಾಕ್ಟರಮ್ಮನವರಿಗೆ, ಗುಜರಿ ಅಂಗಡಿಯವನ ನಮಸ್ಕಾರ.

ನಿಮ್ಮ ಸಂಶೋಧನೆ ಮುಗಿಯಿತು, ಮಗಳನ್ನು ಇನ್ನು ವರ್ಷಕ್ಕೊಮ್ಮೆ ರಕ್ತಪರೀಕ್ಷೆಗೆ ಕರೆತರಬೇಕಿಲ್ಲ ಎಂಬ ಕಾಗದ ತಲುಪಿತು. ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು. ನನ್ನದೊಂದು ತಕರಾರಿದೆ.

ಆರು ವರ್ಷಗಳ ಹಿಂದೆ ಇವಳ ಅಣ್ಣನ ಮೂಳೆಯ ಮಜ್ಜೆ ತೆಗೆದು ಇವಳಿಗೆ ಹಾಕಿದಿರಿ. "ಇನ್ಮೇಲೆ ಇವಳ ಮೈಯಲ್ಲಿ ಹರಿಯೋದು ಅಣ್ಣನ ರಕ್ತಾನೇ" ಎಂದಿರಿ. ಪ್ರತಿ ವರದಿಯಲ್ಲೂ ಅವನ ಪಾಲು ನೂರಕ್ಕೆ ನೂರು. ತಕ್ಕಡಿ ಹಿಡಿದೇ ಮೇಲೆ ಬಂದವನು ನಾನು. ಅಷ್ಟು ಸರಿಯಾದ ತೂಕ ಬೇರೆಲ್ಲೂ ಕಂಡಿಲ್ಲ.

ನಿಮಗೆ ತಿಳಿಸಿರಲಿಲ್ಲ. ಹೋದ ಸಲದ ಪರೀಕ್ಷೆಯಾದ ಮೂರನೇ ವಾರ ಅವನು ಕೆರೆಗೆ ಈಜಲು ಹೋದವನು ಮರಳಲಿಲ್ಲ.

ಮೊನ್ನೆ ಮಗಳು ಬೆರಳು ಕೊಯ್ದುಕೊಂಡಳು. ಅವಳಮ್ಮ ರಕ್ತವನ್ನು ಹತ್ತಿಯಿಂದ ಒರೆಸಿ, ಆ ಹತ್ತಿಯನ್ನು ಅವನ ಅಂಗಿಯ ಜೇಬಿನಲ್ಲಿಟ್ಟಳು.

"ಏನೇ ಇದು?" ಎಂದೆ.

"ಎಲ್ಲಾನೂ ಗುಜರಿಗೆ ಹಾಕೋಕಾಗುತ್ತೇನ್ರೀ?" ಎಂದಳು.

ಆದ್ದರಿಂದ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ, ಅವನ ಪಾಲು ಎಷ್ಟೆಂದು ಬರೆದುಕೊಡಿ. ಮಗಳೂ ಒಪ್ಪಿದ್ದಾಳೆ. ಸೂಜಿ ಮಾತ್ರ ನಿಧಾನವಾಗಿ ಹಾಕಿಸಿ. "ಮೆತ್ತಗೆ ಚುಚ್ರೀ, ಅದು ನನ್ನ ರಕ್ತ" ಎಂದು ನರ್ಸನ್ನು ಗದರಿಸಲು ಈ ಸಲ ಪಕ್ಕದಲ್ಲಿ ಅವನಿರುವುದಿಲ್ಲ.

ಇಂತಿ,
ನಿಮ್ಮ ಸಂಶೋಧನೆಯ ಹನ್ನೊಂದನೇ ನಂಬರಿನ ಮಗುವಿನ ಅಪ್ಪ