ಕೋಟು ಹಾಕದ ಗಂಡು

ಗುಬ್ಬಿ
15-6-1998

ಮುದ್ದು ಮಂಜುಶ್ರೀಗೆ ಚಿಕ್ಕಮ್ಮನ ಆಶೀರ್ವಾದಗಳು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಇರುವುದು ನಡುಮನೆಯಲ್ಲಿ, ನಡುಮನೆಯಲ್ಲಿ ಇರುವುದು ನಿನ್ನ ದೊಡ್ಡಪ್ಪ. ಅದಕ್ಕೇ ಈ ಪತ್ರ. ಹಾಸ್ಟೆಲಿನ ಹುಡುಗಿಯರನ್ನು ಸುತ್ತ ಕೂರಿಸಿಕೊಳ್ಳದೆ ಒಬ್ಬಳೇ ಓದಿಕೊ.

ನಿನ್ನೆ ಹುಲಿಯೂರುದುರ್ಗಕ್ಕೆ ಹೋಗಿ ಗಂಡಿನ ಮನೆ ನೋಡಿ ಬಂದೆವು. ಹೆಣ್ಣು ತೋರಿಸುವ ಮೊದಲು ಗಂಡಿನ ಮನೆ ನೋಡಬೇಕೆಂಬುದು ನಿನ್ನ ದೊಡ್ಡಪ್ಪ ರಂಗಯ್ಯನವರ ಕಟ್ಟಳೆ ತಾನೆ. ದೊಡ್ಡಪ್ಪ, ನಿಮ್ಮಪ್ಪ, ನಿನ್ನ ಸೋದರಮಾವ ಮುದ್ದಯ್ಯ, ಜೊತೆಗೆ ನಾನು. ದೊಡ್ಡಪ್ಪ ಕೂತಲ್ಲೇ ಸೂರಿನ ತೊಲೆ ಎಣಿಸಿದರು. ಉಪ್ಪಿಟ್ಟಿನಲ್ಲಿ ಗೋಡಂಬಿ ಕಂಡದ್ದೇ ಮುದ್ದಯ್ಯನಿಗೆ ಮನೆತನ ದೊಡ್ಡದೆಂದು ಖಾತ್ರಿಯಾಯಿತು. ನಿಮ್ಮಪ್ಪ ಎಂದಿನಂತೆ ಅಣ್ಣನ ಮುಖ ನೋಡುತ್ತಿದ್ದರು, ಅದನ್ನು ನೋಡದೆ ಅವರಿಗೆ ಅಭಿಪ್ರಾಯ ಹುಟ್ಟುವುದಿಲ್ಲ. ನಾನು ಅಡುಗೆಮನೆ ಕಡೆ ಕಣ್ಣಿಟ್ಟಿದ್ದೆ. ಜನರನ್ನು ಅಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವೆಂಬ ಜಂಬ ನನಗೂ ಇದೆ, ಬಿಡು.

ಹೆಗಲಿಗೆ ಟವೆಲ್ ಹಾಕಿಕೊಂಡ ಒಬ್ಬಾತ ತಿಂಡಿ ಬಡಿಸಿದ, ಕಾಫಿ ತಂದ, ಎಲ್ಲರ ತಟ್ಟೆ ಎತ್ತಿದ. ಗಂಡಿನ ತಾಯಿ ಆರಾಮವಾಗಿ ಕುರ್ಚಿಯಲ್ಲಿ ಕೂತು ನನ್ನ ಜೊತೆ ಮಾತಾಡುತ್ತಿದ್ದರು. ನಮಗೆ ಕಳಿಸಿದ್ದ ಫೋಟೊದಲ್ಲಿ ಗಂಡು ರವೀಶ ಸ್ಟುಡಿಯೊದವನ ಕೋಟು ಹಾಕಿದ್ದನಲ್ಲ, ನಮ್ಮ ಗಂಡಸರು ಮೂವರೂ ಬಾಗಿಲ ಕಡೆ ನೋಡುತ್ತಾ ಆ ಕೋಟಿಗಾಗಿಯೇ ಕಾಯುತ್ತಿದ್ದರು. ಕೊನೆಗೆ ದೊಡ್ಡಪ್ಪನ ತಾಳ್ಮೆ ಕೆಟ್ಟಿತು.

"ಏನ್ಲಾ, ಆಗ್ಲಿಂದ ನೀನೇ ಓಡಾಡ್ತಿದೀಯ. ಗಂಡು ಎಲ್ಲವ್ನೆ, ಕರಿ" ಎಂದರು.

"ನಾನೇ ಯಜಮಾನ್ರೇ, ರವೀಶ. ಅಮ್ಮ ಬೆಳಗ್ಗಿಂದ ಒಲೆ ಮುಂದೇನೇ ಇದ್ರು, ಒಂದ್ಗಳಿಗೆ ಕೂತ್ಕಳ್ಲಿ ಅಂದೆ. ಇನ್ನೊಂಚೂರು ಕೇಸರಿಬಾತ್ ಹಾಕ್ಲಾ?"

ನಾನಂತೂ ಸೆರಗು ಬಾಯಿಗೆ ಒತ್ತಿಕೊಂಡೆ. ದೊಡ್ಡಪ್ಪನೂ ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಮ್ಮ ಹಿರಿಯರಿಗೆ 'ತಪ್ಪಾಯಿತು' ಎಂಬ ಮಾತು ಗಂಟಲಿನಿಂದ ಈಚೆಗೆ ಬರುವುದಿಲ್ಲ. ಬಸ್ಸು ಕುಣಿಗಲ್ ಸೇರುವಷ್ಟರಲ್ಲಿ ಗುರುತು ಹಿಡಿಯದ ತಪ್ಪು ಅವನದಾಗಿತ್ತು. ಗುಬ್ಬಿಗೆ ಬರುವಷ್ಟರಲ್ಲಿ ಅವನು ಗತ್ತಿಲ್ಲದ ಗಂಡಾಗಿದ್ದ. ಮೂರು ಸಲ ಕೇಸರಿಬಾತ್ ಹಾಕಿಸಿಕೊಂಡ ಮುದ್ದಯ್ಯನೂ ಹೌದೌದು ಅಂದ. ನಿಮ್ಮಪ್ಪ ಅಣ್ಣನ ಮುಖ ನೋಡಿದರು. ಈ ಸಂಬಂಧ ಬೇಡವೆಂದು ತೀರ್ಮಾನವಾಯಿತು.

ಊರಿಗೆಲ್ಲ ಬುದ್ಧಿ ಹೇಳುವ ನಾನು ಬಸ್ಸಿನಲ್ಲಿ ಬಾಯಿ ಬಿಡಲಿಲ್ಲ. ಅದಕ್ಕೆ ನನಗೆ ನಾಚಿಕೆಯಾಗಿದೆ.

ಇದುವರೆಗೆ ನಿನಗೆ ಹೇಳದ ಒಂದು ಮಾತಿದೆ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ತವರಿನವರು ಈ ಮನೆ ನೋಡಲು ಬಂದಿದ್ದಾಗ ನಿನ್ನ ಚಿಕ್ಕಪ್ಪ ಕೂತಲ್ಲಿಂದಲೇ ನೀರಿಗಾಗಿ ಮೂರು ಸಲ ತಾಯಿಯನ್ನು ಕೂಗಿದರಂತೆ. ಹುಡುಗನಿಗೆ ಒಳ್ಳೇ ಗತ್ತು ಎಂದು ನಮ್ಮಪ್ಪ ಬಂದು ಹೇಳಿದಾಗ ನಾನೂ ಹಿಗ್ಗಿದ್ದೆ. ನಿನ್ನ ಚಿಕ್ಕಪ್ಪ ಕೆಟ್ಟವರಲ್ಲ. ಆದರೆ ನಾನು ಟೈಫಾಯಿಡ್ ಜ್ವರದಲ್ಲಿ ಮೇಲೇಳಲಾರದೆ ಮಲಗಿದ್ದಾಗಲೂ ಬಾಗಿಲಲ್ಲಿ ನಿಂತು ಕಾಫಿ ಯಾಕೆ ಇನ್ನೂ ಬಂದಿಲ್ಲ ಎಂದು ಕೇಳಿದರು. ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ಅವರಿಗೆ ಅದು ಇವತ್ತಿಗೂ ಗೊತ್ತಿಲ್ಲ.

ಇದಕ್ಕೂ ಮೊದಲು ಬಂದ ಒಂಬತ್ತು ಫೋಟೊಗಳನ್ನು ನೀನು ನಿಂತಲ್ಲೇ ವಾಪಸ್ ಕೊಟ್ಟೆ. ರವೀಶನ ಫೋಟೊ ಹಾಸ್ಟೆಲಿಗೆ ತೆಗೆದುಕೊಂಡು ಹೋಗಿ ಹದಿನೆಂಟು ದಿನವಾಯಿತು. ನಾನೇನೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಕಾಣುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ ಚಿಕ್ಕಮ್ಮ,
ಸಿದ್ದಲಕ್ಷ್ಮಮ್ಮ

ವಿ.ಸೂ.: ಸಂಬಂಧ ಬೇಡವೆಂದು ದೊಡ್ಡಪ್ಪ ಗಂಡಿನವರಿಗೆ ಬರೆದ ಕಾಗದವನ್ನು ಪೋಸ್ಟ್ ಮಾಡೆಂದು ನನ್ನ ಕೈಗೇ ಕೊಟ್ಟರು. ಅದು ಇದೇ ಲಕೋಟೆಯೊಳಗೆ ಇದೆ, ನೋಡು. ವಿಳಾಸ ಬರೆದಿದೆ, ಸ್ಟಾಂಪೂ ಹಚ್ಚಿದೆ. ನಿನಗೂ ಬೇಡವೆನಿಸಿದರೆ ನಿನ್ನ ಹಾಸ್ಟೆಲಿರುವ ಶೆಟ್ಟಿಹಳ್ಳಿಯ ಪೋಸ್ಟ್ ಡಬ್ಬಿಗೆ ನೀನೇ ಹಾಕು. ಇಲ್ಲವಾದರೆ ಶನಿವಾರ ಬರುವಾಗ ತೆಗೆದುಕೊಂಡು ಬಾ, ದೊಡ್ಡಪ್ಪನ ಕೈಗೆ ನಾನೇ ವಾಪಸ್ ಕೊಡುತ್ತೇನೆ.