ಮೊದಲು ಹೂ ಬಿಟ್ಟ ಅರುಗುಲಾ

ಮಾರ್ಚ್ 14, ಶನಿವಾರ. ಚೋವಾ ಚು ಕಾಂಗ್, ಸಿಂಗಾಪುರ.

ನನ್ನ ಮೇಲೆ ನನಗೇ ಹೇಸಿಗೆ. ಕಂಪನಿಯ ಬೀಜ ಕೊಳ್ಳುವುದು ಗುಲಾಮಗಿರಿ ಎಂದು ಬ್ಲಾಕಿನವರಿಗೆಲ್ಲ ಭಾಷಣ ಬಿಗಿದವಳು ನಾನು. ನಾಳೆ ಬ್ಲಾಕಿನ ಕೆಳಗಿನ ಬಯಲು ಅಂಗಳದಲ್ಲಿ, ವಾಯ್ಡ್ ಡೆಕ್ಕಿನಲ್ಲಿ, ಹಂಚಲು ಇಪ್ಪತ್ತು ಪೊಟ್ಟಣ ಅರುಗುಲಾ ಸೊಪ್ಪಿನ ಬೀಜ ಕಟ್ಟಿ, ಒಂದೊಂದರ ಮೇಲೂ ‘ಈ ಸೆಕೆಗೆ ಒಗ್ಗಿದ ನಮ್ಮದೇ ತಳಿ’ ಎಂದು ಬರೆದಿದ್ದೆ.

ಸಂಜೆ ಎದುರು ಮನೆಯ ಭಾನುಮತಿ ಆಂಟಿ ಕಾರಿಡಾರಿನ ಕುಂಡಗಳನ್ನು ನೋಡುತ್ತ ಕೇಳಿದರು: “ಬೀಜಕ್ಕೆ ಯಾವ ಗಿಡ ಬಿಟ್ಟಿದ್ದೆ?”

“ಎಲ್ಲಕ್ಕಿಂತ ಮೊದಲು ಹೂ ಬಿಟ್ವಲ್ಲ ಆಂಟಿ, ಆ ನಾಲ್ಕು. ಫಾಸ್ಟ್ ಆಗಿ ಬಂದ್ವು.”

“ಅಯ್ಯೋ ಪೆದ್ದಿ! ಬೇಗ ಹೂ ಬಿಟ್ಟಿದ್ದನ್ನ ಕಿತ್ತು ಬಿಸಾಕ್ಬೇಕು. ಕೊನೇವರೆಗೂ ಸೊಪ್ಪು ಕೊಟ್ಟಿದ್ದಕ್ಕೆ ದಾರ ಕಟ್ಟಿ, ಬೀಜಕ್ಕೆ ಅಂತ ಬಿಡ್ಬೇಕು. ನಮ್ಮಜ್ಜಿ ದಂಟಿನ ಸೊಪ್ಪಿಗೆ ಹಾಗೇ ಮಾಡ್ತಿದ್ರು. ಆ ಒಳ್ಳೇ ಗಿಡಗಳೆಲ್ಲಿ?”

ತಿಂದುಬಿಟ್ಟಿದ್ದೆ. ನಿಂಬೆ ಹಿಂಡಿ, ಫೋಟೋ ತೆಗೆದು.

ನನ್ನ ಭಾಷಣಕ್ಕೆಲ್ಲ ಆಧಾರವಾಗಿದ್ದ ಬೀಜ ಉಳಿಸುವವರ ಕರಪತ್ರದಲ್ಲೂ ಈ ಮಾತಿತ್ತು, ಕೊನೆಯ ಪುಟದಲ್ಲಿ. ನಾನು ಘೋಷಣೆಗಳ ಕೆಳಗೆ ಮಾತ್ರ ಗೆರೆ ಎಳೆದಿದ್ದೆ. ಈ ಬೀಜ ಬಿತ್ತಿದವರಿಗೆಲ್ಲ ನಾಲ್ಕು ಎಲೆ ಬಿಡುವಷ್ಟರಲ್ಲಿ ಹೂ ಬಂದು, ಸೊಪ್ಪು ಕಹಿಯಾಗುತ್ತದೆ.

“ಸುಮ್ನೆ ಕೊಟ್ಬಿಡೇ, ಯಾರಿಗೆ ಗೊತ್ತಾಗುತ್ತೆ?” ಎಂದಳು ರೂಮ್‌ಮೇಟ್ ಪ್ರಣತಿ. ಆ ಮಾತು ಕೇಳಿ ಒಂದು ಕ್ಷಣ ನನ್ನ ಮನಸ್ಸು ಹಗುರಾಯಿತು. ಹೇಸಿಗೆ ಹುಟ್ಟಿದ್ದು ಅದಕ್ಕೆ.

ಪೊಟ್ಟಣಗಳನ್ನೆಲ್ಲ ಬಿಚ್ಚಿ ಬೀಜವನ್ನು ಡಬ್ಬಿಗೆ ಸುರಿದಿದ್ದೇನೆ. ಮೊಳಕೆ ಬರಿಸಿ ನಾನೇ ತಿನ್ನುತ್ತೇನೆ. ನಾಳೆ ಬರಿಗೈಯಲ್ಲಿ ನಿಂತು ಎಲ್ಲರಿಗೂ ಹೇಳಬೇಕು. ಮೊದಲ ವಾಕ್ಯ ಸಿದ್ಧವಾಗಿದೆ: ‘ಒಳ್ಳೆಯ ಗಿಡಗಳನ್ನು ನಾನೇ ತಿಂದೆ.’ ಎರಡನೆಯದು ಇನ್ನೂ ಹೊಳೆದಿಲ್ಲ.